ನಮ್ಮವನ ಗ್ಯಾರೇಜು, ನಮ್ಮ ಬ್ರೇಕು

ಹೊಸ ವಾಹನ ಮನೆಗೆ ಬಂದರೆ ಅದನ್ನು ಮೊದಲು ಇಗರ್ಜಿಯ ಅಂಗಳಕ್ಕೆ ಕೊಂಡೊಯ್ದು ಧರ್ಮಗುರುಗಳಿಂದ ಆಶೀರ್ವಚನ ಮಾಡಿಸುವುದು ಕರಾವಳಿಯ ನಮ್ಮ ಕುಟುಂಬಗಳಲ್ಲಿ ಹಿಂದಿನಿಂದ ಬಂದ ವಾಡಿಕೆ. ಪ್ರಯಾಣಿಕರ ಪಾಲಕನೆನಿಸಿದ ಸಂತ ಕ್ರಿಸ್ಟೋಫರನ ಪದಕವೋ, ಒಂದು ಜಪಮಾಲೆಯೋ ಕನ್ನಡಿಯ ಕೆಳಗೆ ತೂಗಾಡುವುದೂ ಸಾಮಾನ್ಯ. ಈ ವಾಡಿಕೆಯ ಬಗ್ಗೆ ನನಗೆ ಯಾವ ಆಕ್ಷೇಪವೂ ಇಲ್ಲ. ಆದರೆ ನಮ್ಮಲ್ಲಿ ಇನ್ನೊಂದು ವಾಡಿಕೆ ಇದೆ. ಅದರ ಕುರಿತು ನಾಲ್ಕು ಮಾತು ಹೇಳಬೇಕಾಗಿದೆ. ವಾಹನದ ದುರಸ್ತಿಗೆ ‘ನಮ್ಮವನ’ ಗ್ಯಾರೇಜನ್ನೇ ಹುಡುಕಿಕೊಂಡು ಹೋಗುವುದು, ನಮ್ಮವನಾದುದರಿಂದ ಏನು ಮಾಡಿದೆ ಎಂದು ಕೇಳದಿರುವುದು, ನಮ್ಮವನಾದುದರಿಂದ ಬಿಲ್ಲು ಬೇಡವೆನ್ನುವುದು, ಮತ್ತು ಅದೇ ಸಲಿಗೆಯಿಂದ ಹಣದಲ್ಲಿ ಕಡಿತ ಕೇಳುವುದು.

ಪರೋಪದೇಶಕ್ಕೆ ಹೊರಟಿದ್ದೇನೆಂದು ಓದುಗರು ಭಾವಿಸಬಾರದು. ಈ ನಾಲ್ಕನ್ನೂ ಮಾಡಿದವರಲ್ಲಿ ನಾನೂ ಒಬ್ಬ. ಅದರ ಫಲವನ್ನು ಕಳೆದ ಮೇ ತಿಂಗಳಲ್ಲಿ ಚಾರ್ಮಾಡಿ ಘಾಟಿಯಲ್ಲಿ ಉಂಡೆ.

ನನ್ನದು ಒಂಬತ್ತು ವರ್ಷ ಹಳೆಯ ಸಣ್ಣ ಕಾರು. ರಜೆಯಲ್ಲಿ ತಂಗಿ ಮತ್ತು ಅವಳ ಇಬ್ಬರು ಮಕ್ಕಳನ್ನು ಕರೆದುಕೊಂಡು ಚಿಕ್ಕಮಗಳೂರಿನ ಬಂಧುಗಳ ಮನೆಗೆ ಹೋಗುವುದೆಂದು ನಿಶ್ಚಯವಾದ ಮೇಲೆ, ಹೊರಡುವ ವಾರಕ್ಕೆ ಮುಂಚೆ ಅದನ್ನು ಎಂದಿನಂತೆ ಗ್ಯಾರೇಜಿಗೆ ಬಿಟ್ಟೆ. ಗ್ಯಾರೇಜಿನ ಯಜಮಾನ ನಮ್ಮ ಧರ್ಮಕೇಂದ್ರದವನೇ. ನಾನು ಪಾಠ ಹೇಳಿದ ಶಾಲೆಯಲ್ಲಿಯೇ ಕಲಿತವನು. “ಘಾಟಿಗೆ ಹೋಗಲಿಕ್ಕಿದೆ, ಎಲ್ಲ ಒಮ್ಮೆ ನೋಡಿಬಿಡು” ಎಂದೆ. ಮರುದಿನ ಸಂಜೆ ಕಾರು ತೊಳೆದು ಮಿರಮಿರನೆ ನಿಂತಿತ್ತು. ಬಿಲ್ಲಿನಲ್ಲಿ ನಾಲ್ಕೇ ಸಾಲು. ಅವುಗಳಲ್ಲಿ ಒಂದು: ‘ಬ್ರೇಕ್ ಸರ್ವಿಸ್’.

ಹೋಗುವಾಗ ಏನೂ ತೊಂದರೆಯಾಗಲಿಲ್ಲ. ಹತ್ತುವಾಗ ಬ್ರೇಕಿಗೆ ಕೆಲಸವೇ ಇಲ್ಲವಷ್ಟೆ? ಹಿಂದಿರುಗುವಾಗ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಮಕ್ಕಳ ಹಾಡು ಕೇಳುತ್ತಾ ಇಳಿಯತೊಡಗಿದೆವು. ಮುಂದೆ ಒಂದು ಲಾರಿ, ಹಿಂದೆ ಬಸ್ಸು. ಲಾರಿ ನಿಧಾನಿಸಿದಂತೆಲ್ಲ ಬ್ರೇಕಿನ ಮೇಲೆ ಕಾಲಿಡುತ್ತಾ, ತೆಗೆಯುತ್ತಾ ಕೆಲವು ತಿರುವುಗಳನ್ನು ದಾಟಿರಬಹುದು. ಸುಟ್ಟ ವಾಸನೆಯೊಂದು ಬಂತು. ಲಾರಿಯದಿರಬೇಕೆಂದುಕೊಂಡೆ. ಅದರ ಮುಂದಿನ ತಿರುವಿನಲ್ಲಿ ಪೆಡಲು ನನ್ನ ಕಾಲಿನಡಿ ಹತ್ತಿಯ ಮೂಟೆಯಂತೆ ಮೆತ್ತಗಾಯಿತು. ಇನ್ನೊಮ್ಮೆ ತುಳಿದಾಗ ನೆಲಕ್ಕೇ ಮುಟ್ಟಿತು. ಕಾರು ನಿಧಾನಿಸಲಿಲ್ಲ.

ಆ ಕೆಲವು ಕ್ಷಣಗಳನ್ನು ವಿವರಿಸಲು ಮನಸ್ಸು ಹಿಂದೇಟು ಹಾಕುತ್ತದೆ. ಗೇರನ್ನು ಎರಡಕ್ಕೆ, ಬಳಿಕ ಒಂದಕ್ಕೆ ಎಳೆದು, ಕೈಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ಎತ್ತುತ್ತಾ, ಗುಡ್ಡದ ಬದಿಯ ಚರಂಡಿಗೆ ಚಕ್ರ ಇಳಿಸಿ ನಿಲ್ಲಿಸಿದೆ. ಎಂಜಿನ್ ಒರಲಿತು, ಕಾರಿನ ಪಕ್ಕೆ ಮಣ್ಣಿಗೆ ಉಜ್ಜಿತು, ಯಾರಿಗೂ ಏಟಾಗಲಿಲ್ಲ. ಆಚೆ ಬದಿಯಲ್ಲಿ ಏನಿತ್ತೆಂಬುದನ್ನು ಆ ದಾರಿಯಲ್ಲಿ ಸಂಚರಿಸಿದವರಿಗೆ ಹೇಳಬೇಕಾಗಿಲ್ಲ. ಹಿಂದಿನ ಸೀಟಿನಲ್ಲಿದ್ದ ಕಿರಿಯ ಮಗು “ಮಾಮಾ, ಇಲ್ಲಿ ಯಾಕೆ ನಿಲ್ಲಿಸಿದ್ದು?” ಎಂದು ಕೇಳಿತು.

ವಿಚಿತ್ರವಾದುದು ನಡೆದದ್ದು ಆಮೇಲೆ. ಮುಕ್ಕಾಲು ಗಂಟೆ ಕಳೆದ ಬಳಿಕ ಪೆಡಲನ್ನು ತುಳಿದು ನೋಡಿದರೆ ಅದು ಮೊದಲಿನಂತೆಯೇ ಗಟ್ಟಿ! ಏನೂ ಆಗಿಯೇ ಇಲ್ಲವೆಂಬಂತೆ. ಮೊದಲನೆಯ ಗೇರಿನಲ್ಲಿ ತೆವಳುತ್ತಾ ಘಾಟಿ ಇಳಿದು ಉಜಿರೆ ತಲಪಿದೆವು. ತಂಗಿ ಮತ್ತು ಮಕ್ಕಳನ್ನು ಬಸ್ಸಿಗೆ ಹತ್ತಿಸಿ, ರಸ್ತೆ ಬದಿಯ ಒಬ್ಬ ಮೆಕ್ಯಾನಿಕನಿಗೆ ಕಾರನ್ನು ತೋರಿಸಿದೆ. ಆತ ಬಾನೆಟ್ ಎತ್ತಿ ಬ್ರೇಕ್ ಆಯಿಲಿನ ಡಬ್ಬಿಯನ್ನು ನೋಡಿದ. ಅಂಚಿನವರೆಗೆ ತುಂಬಿತ್ತು, ಬಣ್ಣವೂ ಅಷ್ಟೇನೂ ಕಪ್ಪಲ್ಲ. ಬಳಿಕ ಮುಂದಿನ ಚಕ್ರದ ಬಳಿಯ ನಿಪ್ಪಲನ್ನು ಸಡಿಲಿಸಿ, ನನ್ನಿಂದ ಪೆಡಲು ಒತ್ತಿಸಿ, ಒಂದಿಷ್ಟು ಆಯಿಲನ್ನು ಔಷಧದ ಖಾಲಿ ಬಾಟಲಿಗೆ ಹಿಡಿದ. ಬೆಳ್ಳಗಿನ ಜೇನಿನಂತೆ ಇರಬೇಕಾದದ್ದು ಕಾಫಿಯ ಡಿಕಾಕ್ಷನಿನಂತಿತ್ತು. “ಮೇಲೆ ಹೊಸದು ಹೊಯ್ದಿದ್ದಾರೆ, ಒಳಗೆ ಹಳೆಯದೇ ಇದೆ ಸರ್. ಇದನ್ನು ತೆಗೆದು ವರ್ಷಗಳಾಗಿವೆ” ಎಂದ. ಸಮತಟ್ಟಿನ ರಸ್ತೆಯಲ್ಲಿ ನಿಧಾನವಾಗಿ ಹೋಗಿ, ಕೆಲಸ ಮಾಡಿದವರಿಗೇ ಮೊದಲು ತೋರಿಸಿ ಎಂದು ಹೇಳಿ, ಬಾಟಲಿಯನ್ನು ನನ್ನ ಕೈಗೆ ಕೊಟ್ಟ. ಹಣ ತೆಗೆದುಕೊಳ್ಳಲಿಲ್ಲ.

ಬ್ರೇಕಿನ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಉಚಿತ. ನಾವು ಪೆಡಲು ತುಳಿದಾಗ ಚಕ್ರವನ್ನು ಹಿಡಿಯುವುದು ನಮ್ಮ ಕಾಲಲ್ಲ. ಕೊಳವೆಗಳಲ್ಲಿ ತುಂಬಿರುವ ಆ ದ್ರವ. ಮುಚ್ಚಿದ ದ್ರವದ ಒಂದೆಡೆ ಹಾಕಿದ ಒತ್ತಡ ಎಲ್ಲೆಡೆಗೂ ಸಮನಾಗಿ ಹಬ್ಬುತ್ತದೆಂಬುದು 17ನೆಯ ಶತಮಾನದಲ್ಲಿ ಬ್ಲೇಸ್ ಪಾಸ್ಕಲ್ ನಿರೂಪಿಸಿದ ನಿಯಮ. (ಧರ್ಮಚಿಂತಕನೆಂದೇ ಪಾಸ್ಕಲನನ್ನು ಬಲ್ಲ ನಮ್ಮ ಕೆಲವು ಓದುಗರು, ತಮ್ಮ ಕಾರು ನಿಲ್ಲುವುದೂ ಆತನ ನಿಯಮದಿಂದಲೇ ಎಂಬುದನ್ನು ಗಮನಿಸಬಹುದು.) ದ್ರವವನ್ನು ಅದುಮಿ ಕುಗ್ಗಿಸಲಾಗದು, ಆದುದರಿಂದಲೇ ಪೆಡಲು ಗಟ್ಟಿಯಾಗಿರುತ್ತದೆ. ಆದರೆ ಬ್ರೇಕ್ ಆಯಿಲಿಗೆ ಒಂದು ದುರ್ಗುಣವಿದೆ: ಗಾಳಿಯ ತೇವಾಂಶವನ್ನು ಅದು ಮೆಲ್ಲಮೆಲ್ಲನೆ ಹೀರಿಕೊಳ್ಳುತ್ತದೆ. ಜೂನ್ ತಿಂಗಳು ಬಂತೆಂದರೆ ಕಪಾಟಿನೊಳಗಿಟ್ಟ ಚರ್ಮದ ಶೂಗೂ ಬೂಸಲು ಹಿಡಿಯುವ ನಮ್ಮ ಊರಿನಲ್ಲಿ ತೇವಕ್ಕೇನು ಬರವೇ? ಡಾಟ್ 3 ಎಂಬ ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸಿನವರೆಗೆ ಕುದಿಯಬಾರದು. ಅದರಲ್ಲಿ ನೂರಕ್ಕೆ ಸುಮಾರು 3.7 ಪಾಲು ನೀರು ಸೇರಿದಾಗ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಈ ಅಂಕಿಗಳು 230 ಮತ್ತು 155. ಇಳಿಜಾರಿನಲ್ಲಿ ಎಡೆಬಿಡದೆ ಬ್ರೇಕು ಒತ್ತಿದರೆ ಮುಂದಿನ ಡಿಸ್ಕುಗಳು ನೂರಾರು ಡಿಗ್ರಿ ಕಾಯುತ್ತವೆ. ಆ ಕಾವು ಆಯಿಲಿಗೆ ತಾಗಿ ಒಳಗಿನ ನೀರು ಆವಿಯಾಗುತ್ತದೆ. ಆವಿಯನ್ನಾದರೋ ಅದುಮಬಹುದು. ನಾವು ತುಳಿದ ಬಲವೆಲ್ಲ ಆವಿಯನ್ನು ಅದುಮುವುದರಲ್ಲಿಯೇ ಮುಗಿದು, ಚಕ್ರಕ್ಕೆ ಏನೂ ಮುಟ್ಟುವುದಿಲ್ಲ. ತಣಿದ ಮೇಲೆ ಆವಿ ಮತ್ತೆ ದ್ರವವಾಗುತ್ತದೆ, ಪೆಡಲು ಗಟ್ಟಿಯಾಗುತ್ತದೆ, ಸಾಕ್ಷ್ಯವೆಲ್ಲ ಮಾಯವಾಗುತ್ತದೆ.

ಒಂದು ಕೆಟ್ಟರೆ ಇನ್ನೊಂದಿರಲೆಂದು ಕಾರುಗಳಲ್ಲಿ ಬ್ರೇಕಿನ ಆಯಿಲಿಗೆ ಎರಡು ಪ್ರತ್ಯೇಕ ದಾರಿಗಳಿರುತ್ತವೆ. ಎರಡರಲ್ಲಿಯೂ ಹಳಸಿದ ಆಯಿಲೇ ಇದ್ದರೆ ಆ ಏರ್ಪಾಟಿನಿಂದಲೂ ಪ್ರಯೋಜನವಿಲ್ಲ. 2019ರ ಎಪ್ರಿಲಿನಿಂದ ಹೊಸ ಕಾರುಗಳಿಗೆ ಕಡ್ಡಾಯವಾದ ಎಬಿಎಸ್ ಕೂಡ ಚಕ್ರ ಜಾರದಂತೆ ತಡೆಯುವ ಸಾಧನವೇ ಹೊರತು, ಕುದಿದ ಆಯಿಲಿಗೆ ಮದ್ದಲ್ಲ.

ಇನ್ನು ಗ್ಯಾರೇಜಿನ ವಿಚಾರ. ಮೊದಲ ದಿನ ಯಜಮಾನ ನನ್ನ ಮಾತನ್ನು ಪೂರ್ತಿ ಕೇಳುವ ಮೊದಲೇ ಕಾರನ್ನು ಒಂದು ಸುತ್ತು ಓಡಿಸಿಕೊಂಡು ಬಂದ. “ಬ್ರೇಕು ಹಿಡಿಯುತ್ತದಲ್ಲ ಮಾಸ್ಟ್ರೇ, ಇಲ್ಲಿಂದ ಹೋಗುವಾಗಲೂ ಸರಿಯೇ ಇತ್ತು. ಘಾಟಿಯಲ್ಲಿ ನೀವು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಬಂದಿರಬೇಕು” ಎಂದ. ಅಲ್ಲಿದ್ದ ಇಬ್ಬರು ಗಿರಾಕಿಗಳು ನಕ್ಕರು. ಆತ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹತ್ತಿದ ಗೇರಿನಲ್ಲಿಯೇ ಇಳಿಯಬೇಕೆಂಬುದು ಹಳೆಯ ಚಾಲಕರ ಪಾಠ. ನಾನು ಮೂರನೆಯ ಗೇರಿನಲ್ಲಿ ಇಳಿದಿದ್ದೆ. ಘಾಟಿಯ ದಾರಿಯಲ್ಲಿರುವ ಅಣ್ಣಪ್ಪ ಸ್ವಾಮಿಯ ಗುಡಿಯ ಮುಂದೆ ಗಾಡಿ ನಿಲ್ಲಿಸಿ ಕೈಮುಗಿದು ಮುಂದುವರಿಯುವ ಲಾರಿಯವರ ಪದ್ಧತಿಯಲ್ಲಿ ಭಕ್ತಿಯ ಜೊತೆಗೆ ಬ್ರೇಕಿಗೂ ಒಂದಿಷ್ಟು ವಿಶ್ರಾಂತಿ ಸಿಗುತ್ತದೆಂಬುದು ನನಗೆ ಈಗ ಹೊಳೆಯುತ್ತಿದೆ. ಹೀಗೆ ನನ್ನ ತಪ್ಪನ್ನು ತೋರಿಸಿದ ಕೂಡಲೇ ನನ್ನ ಬಾಯಿ ಕಟ್ಟಿತು. ಜೇಬಿನಲ್ಲಿದ್ದ ಬಾಟಲಿಯನ್ನು ತೆಗೆಯದೆಯೇ ಮನೆಗೆ ಮರಳಿದೆ. ಭಾನುವಾರ ಪೂಜೆಯ ಬಳಿಕ ಮುಖ ನೋಡಬೇಕಾದವನ ಜೊತೆ ಜಗಳವೇಕೆ ಎಂಬ ಸಂಕೋಚವೇ ಅದಕ್ಕೆ ಕಾರಣವಲ್ಲದೆ ಬೇರೇನೂ ಅಲ್ಲ.

ಮನೆಯಲ್ಲಿ ಎರಡು ಬಗೆಯ ಸಲಹೆಗಳು ಬಂದವು. ಗ್ರಾಹಕರ ಆಯೋಗಕ್ಕೆ ಹೋಗಿ ಪಾಠ ಕಲಿಸಬೇಕೆಂದು ತಂಗಿಯ ಗಂಡ. ನಮ್ಮವನ ಹೊಟ್ಟೆಯ ಮೇಲೆ ಹೊಡೆಯಬೇಡಿ, ಇನ್ನು ಮುಂದೆ ಬೇರೆಡೆಗೆ ಹೋದರಾಯಿತೆಂದು ನೆರೆಯವರು. ಎರಡನೆಯದು ಸೌಮ್ಯವಾದ ದಾರಿಯೆಂದು ತೋರುತ್ತದೆ. ವಾಸ್ತವದಲ್ಲಿ ಅದೇ ಹೆಚ್ಚು ಕ್ರೂರವಾದುದು. ನಾನು ಮೌನವಾಗಿ ಬೇರೆಡೆಗೆ ಹೋದರೆ ಆತನಿಗೆ ತನ್ನ ತಪ್ಪು ತಿಳಿಯುವುದಿಲ್ಲ; ನಾಳೆ ಅದೇ ರೀತಿ ‘ಸರ್ವಿಸ್’ ಆದ ಇನ್ನೊಂದು ಕಾರಿನಲ್ಲಿ ಇನ್ನಾರದೋ ಮಕ್ಕಳು ಘಾಟಿ ಇಳಿಯುತ್ತಾರೆ. ಅತ್ತ ಆತನ ಬೆನ್ನ ಹಿಂದೆ ನಾವು ಆಡುವ ಮಾತುಗಳಾದರೋ ಮದುವೆ, ಬೊಜ್ಜಗಳಲ್ಲೆಲ್ಲ ಸುತ್ತಾಡಿ ಆತನ ಹೆಸರನ್ನು ಕೆಡಿಸುತ್ತವೆ. ಎದುರಿಗೆ ಹೇಳಿದ್ದರೆ ಆತ ಉತ್ತರಿಸಬಹುದಿತ್ತು.

ಎರಡನೆಯ ಸಲ ಬಿಲ್ಲನ್ನೂ ಬಾಟಲಿಯನ್ನೂ ಹಿಡಿದು, ಗಿರಾಕಿಗಳಿಲ್ಲದ ಮಧ್ಯಾಹ್ನದ ಹೊತ್ತಿಗೆ ಹೋದೆ. “ಬ್ರೇಕ್ ಸರ್ವಿಸ್ ಎಂದು ಬರೆದಿದ್ದಿಯಲ್ಲ, ಅದರಲ್ಲಿ ಏನೇನು ಮಾಡಿದ್ದು?” ಎಂದಷ್ಟೇ ಕೇಳಿದೆ. ಹಿಂದಿನ ಡ್ರಮ್ಮುಗಳನ್ನು ಬಿಚ್ಚಿ ಧೂಳು ತೆಗೆದದ್ದು, ಲೈನರ್ ಹೊಂದಿಸಿದ್ದು, ಆಯಿಲ್ ಕಡಿಮೆಯಿದ್ದುದನ್ನು ತುಂಬಿಸಿದ್ದು. “ಬದಲಾಯಿಸಿದೆಯಾ?” ಆತ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. ತುಸು ಹೊತ್ತು ಸುಮ್ಮನಿದ್ದು, “ನೀವೇ ಅಲ್ಲವೇ ಫೋನಿನಲ್ಲಿ, ಜಾಸ್ತಿ ಖರ್ಚು ಬೇಡ, ಓಡುವಷ್ಟು ಮಾಡಿದರೆ ಸಾಕು ಎಂದದ್ದು?” ಎಂದ.

ಹೌದು, ಅಂದಿದ್ದೆ. ಗ್ಯಾರೇಜಿನಿಂದ ಅಂದಾಜು ಮೊತ್ತವನ್ನು ತಿಳಿಸಲು ಫೋನು ಬಂದಾಗ ನಾನು ಮನೆಗೆ ಬಂದ ಅತಿಥಿಗಳೊಡನೆ ಮಾತಿನಲ್ಲಿದ್ದೆ. ಎಷ್ಟಕ್ಕೆ ಇಳಿಸಬಹುದೆಂದು ಮಾತ್ರ ಕೇಳಿದ್ದೆ. ಯಾವುದನ್ನು ಇಳಿಸುತ್ತಿ ಎಂದು ಕೇಳಿರಲಿಲ್ಲ.

ಅಲ್ಲಿಯೇ ಟೂಲ್ ಜೋಡಿಸುತ್ತಿದ್ದ ಹುಡುಗನೊಬ್ಬ ನಡುವೆ ಬಾಯಿ ಹಾಕಿದ. ಆಯಿಲ್ ಬದಲಾಯಿಸಲು ಇಬ್ಬರು ಬೇಕಂತೆ. ಒಬ್ಬ ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬ ಒಂದೊಂದೇ ಚಕ್ರದ ನಿಪ್ಪಲು ತೆರೆದು ಹಳೆಯದು ಮುಗಿದು ಹೊಸದು ಬರುವ ತನಕ ಕಾಯಬೇಕು. ಕೆಲಸದ ಒತ್ತಡವಿದ್ದ ದಿನ ಮೇಲಿನ ಡಬ್ಬಿಗೆ ತುಂಬಿಸಿಬಿಡುತ್ತೇವೆ ಎಂದ. ಯಜಮಾನ ಅವನನ್ನು ಗದರಿಸಲಿಲ್ಲ. ನನ್ನ ಅಭಿಪ್ರಾಯದಲ್ಲಿ ಇಡೀ ವ್ಯವಹಾರದಲ್ಲಿ ಅತ್ಯಂತ ನೇರವಾದ ಮಾತನ್ನು ಆಡಿದವನು ಆ ಹುಡುಗನೇ. ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸುವವನೂ ಅವನೇ. ಅವನ ಮೂಗಿಗೆ ಒಂದು ಬಟ್ಟೆಯೂ ಇರಲಿಲ್ಲ. ಬ್ರೇಕಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಆದರೆ ಅದು ಬೇರೆಯೇ ಲೇಖನಕ್ಕೆ ವಸ್ತು.

ಅನಗತ್ಯವಾದ ಕೆಲಸ ಮಾಡಿ ಹಣ ಸುಲಿಯುವ ಗ್ಯಾರೇಜುಗಳ ಕಥೆ ನಮ್ಮೆಲ್ಲರಿಗೂ ಗೊತ್ತು. ದೊಡ್ಡ ಸರ್ವಿಸ್ ಕೇಂದ್ರಗಳಲ್ಲಿ ಇನ್ನೂ ಸಾಕಷ್ಟು ದಪ್ಪವಿರುವ ಪ್ಯಾಡುಗಳನ್ನೇ ಬದಲಾಯಿಸಬೇಕೆಂದು ಹೆದರಿಸುವುದುಂಟು. ಆ ಭಯದಿಂದಲೇ ನಾವು ಪರಿಚಯದವನ ಬಳಿಗೆ ಓಡಿ, ಅಲ್ಲಿ ಚೌಕಾಸಿ ಮಾಡುತ್ತೇವೆ. ಆತನಿಗೋ ಗಿರಾಕಿ ಕೈತಪ್ಪುವ ಭಯ. ಹೀಗೆ ಎರಡು ಭಯಗಳು ಸೇರಿದಲ್ಲಿ ಇನ್ನೊಂದು ಬಗೆಯ ಮೋಸ ಹುಟ್ಟುತ್ತದೆ: ಅಗತ್ಯವಾದ ಕೆಲಸವನ್ನು ಬಿಟ್ಟು ಹಣ ಉಳಿಸಿಕೊಡುವ ಮೋಸ. ಅದರಲ್ಲಿ ಮೋಸ ಹೋದವನು ಸಂತೋಷದಿಂದಲೇ ಮನೆಗೆ ಮರಳುತ್ತಾನೆ. ಪೇಂಟಿನಲ್ಲಿ, ಸೀಟಿನ ಹೊದಿಕೆಯಲ್ಲಿ, ಹಾಡಿನ ಪೆಟ್ಟಿಗೆಯಲ್ಲಿ ನಾವು ಚೌಕಾಸಿ ಮಾಡುವುದು ಅಪರೂಪ. ಕಣ್ಣಿಗೆ ಕಾಣದ ಬ್ರೇಕ್ ಆಯಿಲಿನಲ್ಲಿ ಮಾತ್ರ ಮಾಡುತ್ತೇವೆ. ಒಂದು ಸಣ್ಣ ಕಾರಿಗೆ ಅದು ಒಂದು ಲೀಟರಿನಷ್ಟು ಬೇಕಾದೀತು. ಬಹುತೇಕ ಕಾರುಗಳಲ್ಲಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಿದರೆ ಸಾಕು. ಅದರ ಬೆಲೆ ನಾವು ಒಂದು ಮದುವೆಗೆ ಒಯ್ಯುವ ಉಡುಗೊರೆಗಿಂತ ಹೆಚ್ಚಾಗದು.

ಸರಕಾರ ನೋಡಿಕೊಳ್ಳುತ್ತದೆಂಬ ಭರವಸೆಯೂ ಬೇಡ. ಬಾಡಿಗೆ ವಾಹನಗಳಿಗೆ ಕಾಲಕಾಲಕ್ಕೆ ಯೋಗ್ಯತಾ ಪರೀಕ್ಷೆ ಇದೆ. ಸ್ವಂತ ಕಾರಿನ ನೋಂದಣಿಗಾದರೋ 15 ವರ್ಷಗಳ ಅವಧಿ. ಅದನ್ನು ನವೀಕರಿಸುವ ದಿನದವರೆಗೆ ಅದರ ಬ್ರೇಕನ್ನು ಪರೀಕ್ಷಿಸುವ ಅಧಿಕಾರಿ ಯಾರೂ ಇಲ್ಲ. ಹೊಗೆಯ ಪ್ರಮಾಣಪತ್ರ ಕೇಳುತ್ತಾರೆ, ವಿಮೆ ಕೇಳುತ್ತಾರೆ. ಬ್ರೇಕಿನ ವಿಚಾರ ಮಾಲೀಕನಿಗೂ ಆತನ ಗ್ಯಾರೇಜಿಗೂ ಬಿಟ್ಟದ್ದು.

ಹಾಗಾದರೆ ಕಾನೂನು ಏನೆನ್ನುತ್ತದೆ? 1986ರ ಕಾಯಿದೆಯ ಸ್ಥಾನದಲ್ಲಿ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈಯಿಂದ ಜಾರಿಯಲ್ಲಿದೆ. ಅದರಲ್ಲಿ ಎರಡು ಮಾತುಗಳು ನಮಗೆ ನೇರವಾಗಿ ಅನ್ವಯಿಸುತ್ತವೆ. ಗ್ರಾಹಕನಿಗೆ ತಿಳಿಯಬೇಕಾದ ಸಂಗತಿಯನ್ನು ಉದ್ದೇಶಪೂರ್ವಕವಾಗಿ ತಿಳಿಸದಿರುವುದೂ ಸೇವೆಯ ನ್ಯೂನತೆಯೇ. ಮಾಡಿದ ಸೇವೆಗೆ ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿಯಲ್ಲಿ ಸೇರುತ್ತದೆ. ದೂರನ್ನು ನಾವು ವಾಸವಿರುವ ಜಿಲ್ಲೆಯ ಆಯೋಗದಲ್ಲಿಯೇ ಎರಡು ವರ್ಷಗಳೊಳಗೆ ಸಲ್ಲಿಸಬಹುದು; ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. 1915 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ. ಆದರೆ ಬ್ರೇಕಿನಂಥ ವಿಚಾರದಲ್ಲಿ, ತಣಿದ ಮೇಲೆ ತಾನೇ ಸರಿಯಾಗುವ ದೋಷವನ್ನು ಸಾಬೀತುಪಡಿಸುವುದು ಹೇಗೆ? ‘ಬ್ರೇಕ್ ಸರ್ವಿಸ್’ ಎಂಬ ಎರಡು ಪದಗಳಿಂದ ಯಾವ ಆಯೋಗವೂ ಏನನ್ನೂ ತೀರ್ಮಾನಿಸಲಾರದು. ಆಯಿಲ್ ಬದಲಾಯಿಸಿದೆಯೇ, ತುಂಬಿಸಿದ್ದು ಮಾತ್ರವೇ, ಪ್ಯಾಡು ಎಷ್ಟು ಉಳಿದಿದೆ, ಕಾರು ಆಗ ಎಷ್ಟು ಕಿಲೋಮೀಟರ್ ಓಡಿತ್ತು ಎಂಬುದೆಲ್ಲ ಬರವಣಿಗೆಯಲ್ಲಿದ್ದರೆ ಆಯೋಗದ ಮೆಟ್ಟಿಲು ಹತ್ತುವ ಪ್ರಸಂಗವೇ ಬರಲಿಕ್ಕಿಲ್ಲ. ಗಿರಾಕಿ ಬೇಡವೆಂದ ಕೆಲಸವನ್ನೂ ‘ಗಿರಾಕಿ ಬೇಡವೆಂದರು’ ಎಂದು ಬರೆದು ಸಹಿ ಹಾಕಿಸಬೇಕು. ನನ್ನಿಂದ ಹಾಗೆ ಸಹಿ ಕೇಳಿದ್ದರೆ ನಾನು ಖಂಡಿತ ಹಾಕುತ್ತಿರಲಿಲ್ಲ. ಪೆನ್ನು ಕೈಯಲ್ಲಿ ಹಿಡಿದಾಗ ಬುದ್ಧಿ ಸ್ವಲ್ಪ ಎಚ್ಚರವಾಗುತ್ತದೆ. ಹಳೆಯ ಬಿಡಿಭಾಗ ಕೊಡು ಎಂದು ಕೇಳಿದರೆ ಅವಿಶ್ವಾಸವೆಂದು ಭಾವಿಸುವವರಿದ್ದಾರೆ. ಮೀನಿನ ಕಿವಿರನ್ನು ಎತ್ತಿ ನೋಡಿಯೇ ಕೊಳ್ಳುವ ನಾವು ಮೀನಿನವಳನ್ನು ಅವಮಾನಿಸಿದಂತಾಯಿತೇ?

ನಮ್ಮ ವ್ಯವಹಾರ ಮುಗಿದದ್ದು ಹೀಗೆ. ಮೂರನೆಯ ಭೇಟಿಯಲ್ಲಿ ಆತ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ನಾಲ್ಕೂ ಚಕ್ರಗಳ ಹಳೆಯ ಆಯಿಲನ್ನು ನನ್ನ ಎದುರಿಗೇ ತೆಗೆದ. ಮುಂದಿನ ಪ್ಯಾಡುಗಳು ಕಾದು ಗಾಜಿನಂತೆ ಹೊಳಪೇರಿದ್ದವು, ಅವನ್ನೂ ಬದಲಾಯಿಸಬೇಕಾಯಿತು. ಸಾಮಾನಿನ ಹಣ ನಾನು ಕೊಟ್ಟೆ, ಕೂಲಿಯನ್ನು ಆತ ಬಿಟ್ಟ. ಹಿಂದಿನ ಬಿಲ್ಲಿನಲ್ಲಿ ‘ಬ್ರೇಕ್ ಸರ್ವಿಸ್’ ಎಂದು ಪಡೆದದ್ದನ್ನೂ ಹಿಂದಿರುಗಿಸಿದ. ಕಾರಿನ ಪಕ್ಕೆಗಾದ ತರಚನ್ನು ನನ್ನ ಗೇರಿನ ಲೆಕ್ಕಕ್ಕೆ ಬರೆದುಕೊಂಡೆ. ತಂಗಿಯ ಗಂಡನ ದೃಷ್ಟಿಯಲ್ಲಿ ಇದು ನನ್ನ ಸೋಲು. ಇರಬಹುದು. ನಿಜವಾಗಿ ಏಟಾಗಿದ್ದರೆ ನಾನು ಇಷ್ಟು ಸುಲಭವಾಗಿ ಒಪ್ಪಬಾರದಿತ್ತೆಂಬುದನ್ನೂ, ಆಗ ಆಯೋಗಕ್ಕೆ ಹೋಗುವುದೇ ಸರಿಯಾಗುತ್ತಿತ್ತೆಂಬುದನ್ನೂ ನಾನು ಅಲ್ಲಗಳೆಯುವುದಿಲ್ಲ.

ಆ ದಿನ ಹೊರಡುವಾಗ ಆತನಿಗೆ ಒಂದು ಮಾತು ಹೇಳಿದೆ. ಮಳೆಗಾಲಕ್ಕೆ ಮೊದಲು ಒಂದು ಭಾನುವಾರ, ಎರಡನೆಯ ಪೂಜೆಯ ಬಳಿಕ, ಇಗರ್ಜಿಯ ಅಂಗಳದಲ್ಲಿ ಸಾಲಾಗಿ ನಿಂತಿರುವ ನಮ್ಮ ಕಾರುಗಳ ಬ್ರೇಕ್ ಆಯಿಲನ್ನು ಪರೀಕ್ಷಿಸಿ ತೋರಿಸಬಹುದಲ್ಲವೇ ಎಂದು. ತೇವಾಂಶ ಅಳೆಯುವ ಪೆನ್ನಿನಂಥ ಒಂದು ಉಪಕರಣವಿದೆ. ಡಬ್ಬಿಗೆ ಅದ್ದಿದರೆ ದೀಪದ ಬಣ್ಣದಲ್ಲಿ ಹೇಳಿಬಿಡುತ್ತದೆ. ಅಷ್ಟೇ ನೋಡಿದರೆ ನನಗಾದಂತೆ ಮೇಲಿನ ಹೊಸತನ್ನು ಕಂಡು ಮೋಸಹೋಗುವುದುಂಟು. ಆದುದರಿಂದ ಒಂದು ಕಾರಿನ ಚಕ್ರದ ಬಳಿಯಿಂದಲೂ ತೆಗೆದು ತೋರಿಸಬೇಕೆಂದೆ. ಆತ ನಕ್ಕು, “ನನ್ನ ಗಿರಾಕಿಗಳ ಕಾರೇ ಅಲ್ಲಿ ಜಾಸ್ತಿ ಇರುವುದು ಮಾಸ್ಟ್ರೇ” ಎಂದ. ಬಳಿಕ, ಆ ಹುಡುಗನನ್ನೂ ಕರೆದುಕೊಂಡು ಬರುತ್ತೇನೆ, ಕೆಲಸಕ್ಕೆ ಇಬ್ಬರು ಬೇಕಲ್ಲ ಎಂದು ಒಪ್ಪಿದ. ಈ ಸಲದ ಮಳೆಗಾಲ ಅಷ್ಟರಲ್ಲಿ ಬಂದೇಬಿಟ್ಟಿತು. ಮುಂದಿನ ಮೇ ತಿಂಗಳಿಗೆ ದಿನ ಗೊತ್ತುಮಾಡಲು ಧರ್ಮಗುರುಗಳನ್ನು ಕೇಳಿಕೊಂಡಿದ್ದೇವೆ.